ಏರ್ ಲಾಕರ್ ಗಾಳಿ ಸೋರ್ತಿದ್ಯಾ? ಬ್ರೀದರ್ ಪೈಪನ್ನು ನೀರಿಗಿಳಿಸಿ
ಏರ್ ಲಾಕರ್ ಅಂದ್ರೆ ಗಾಳಿ ಒತ್ತಡದಿಂದ ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಮಾಡೋ ಡಿಫರೆನ್ಷಿಯಲ್ ಲಾಕ್. ಅದನ್ನು ಹಾಕಿಟ್ಟಾಗ ಗಾಳಿ ತುಂಬೋ ಕಂಪ್ರೆಸರ್ ಮತ್ತೆ ಮತ್ತೆ ಗುರ್ ಅಂತಿದ್ರೆ, ಆಕ್ಸಲ್ ಬಿಚ್ಚೋ ಮೊದಲು ಅದರ ಬ್ರೀದರ್ ಪೈಪಿನ (ಆಕ್ಸಲ್ ಒಳಗಿನ ಗಾಳಿ ಆಡೋ ಸಣ್ಣ ಕೊಳವೆ) ಮುಚ್ಚಳ ತೆಗೆದು ತುದಿಯನ್ನು ಒಂದು ಲೋಟ ನೀರಲ್ಲಿ ಅದ್ದಿ ನೋಡಿ. ಲಾಕ್ ಆನ್ ಇರುವಷ್ಟು ಹೊತ್ತೂ ಗುಳ್ಳೆ ಬರ್ತಾನೇ ಇದ್ರೆ ಒಳಗಿನ ಓ-ರಿಂಗ್ (ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಮೇಲೆ ಅನುಮಾನ. ಅಲ್ಲಿ ಸೋರಿದ ಗಾಳಿಗೆ ಹೊರಬರೋಕೆ ಸುಲಭದ ದಾರಿ ಬ್ರೀದರ್ ಒಂದೇ. ಗುಳ್ಳೆ ಇಲ್ವಾ? ಸೊಲೆನಾಯ್ಡ್ (ಗಾಳಿ ಬಿಡೋ, ನಿಲ್ಲಿಸೋ ವಿದ್ಯುತ್ ವಾಲ್ವ್), ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ. ನಾನು ಮೊದಲು ನೋಡೋದು ಓರೆಯಾಗಿ ಕತ್ತರಿಸಿದ ಗಾಳಿ ಪೈಪಿನ ತುದಿ. ಹೊಸ ಬ್ಲೇಡಲ್ಲಿ ನೇರವಾಗಿ ಕತ್ತರಿಸಿ ಒತ್ತಿ ಕೂರಿಸಿದ್ರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತೆ. ಬ್ರೀದರ್ ಕೆಸರಿಂದ ಕಟ್ಟಿಕೊಂಡಿದ್ರೆ ಈ ಪರೀಕ್ಷೆ ಸುಳ್ಳು ಹೇಳುತ್ತೆ. ಗಾಡಿ ಓಡಿಸಿ ಬಂದ ಕೂಡಲೇ ಅಂತೂ ಬೇಡ: ಬಿಸಿ ಆಕ್ಸಲ್ ತಣ್ಣಗಾಗ್ತಾ ಲೋಟದ ನೀರನ್ನೇ ಒಳಗೆ ಎಳ್ಕೊಳ್ಳುತ್ತೆ.