ಘಾಟಿಗೆ ಹೊರಡುವ ಮುಂಚೆ: ಹಳೇ 407ರ ಬ್ರೇಕ್ ಮತ್ತು ರೇಡಿಯೇಟರ್ ಕೆಲಸ

ಶಿರಾಡಿ ಹತ್ತುವಾಗ ಎಂಜಿನ್ ಕಾಯುತ್ತದೆ, ಇಳಿಯುವಾಗ ಬ್ರೇಕ್ ಡ್ರಮ್ ಕಾಯುತ್ತದೆ. ಹಳೇ ಟಾಟಾ 407 ಲಾರಿ ಇದ್ದವರು ಎರಡನ್ನೂ ಸಮತಟ್ಟು ನೆಲದಲ್ಲಿ, ಗಾಡಿ ಪೂರ್ತಿ ತಣ್ಣಗಾದ ಮೇಲೆ ನೋಡಿಕೊಳ್ಳಬೇಕು.

ಪೆಡಲ್ ಒತ್ತಿದರೆ ಮೆತ್ತಗಿದೆಯೇ? ಲೈನಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಮೆಲ್ಲಗೆ ತಳಕ್ಕೆ ಇಳಿಯುತ್ತಿದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ವಾಷರ್ ಸವೆದಿದೆ. ಪೆಡಲ್ ಒತ್ತಲು ಬಲ ಕೊಡುವ ಬೂಸ್ಟರ್ ನೋಡಲು ಎಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ತುಳಿಯಿರಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ವ್ಯಾಕ್ಯೂಮ್ ಹೋಸ್, ಪಂಪ್, ಬೂಸ್ಟರ್ ಮೂರನ್ನೂ ಪರೀಕ್ಷಿಸಿ.

ಡ್ರಮ್ ಬಿಚ್ಚಲು ಚಕ್ರ ಎತ್ತುವಾಗ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಬೇಡಿ. ಡ್ರಮ್ಮಿನ ಧೂಳಿಗೆ ಏರ್ ಹೊಡೆಯಬೇಡಿ, ಡ್ರಮ್ಮಿಗೆ ಉಜ್ಜುವ ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚು ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ರಬ್ಬರ್ ಕಿಟ್ ಬದಲಿಸಿ. ಸಿಲಿಂಡರನ್ನು ಡೀಸೆಲ್‌ನಲ್ಲಿ ತೊಳೆಯುವವರು ಬಹಳ ಮಂದಿ. ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ, ಬ್ರೇಕ್ ಬಿಡುವುದೇ ಇಲ್ಲ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಎಣ್ಣೆ ಕುಡಿದ ಲೈನರ್ ಪೆಟ್ರೋಲ್‌ನಲ್ಲಿ ತೊಳೆದರೂ ಸರಿಹೋಗದು. ಎಡಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಹೊಸದು ಹಾಕಿ.

ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ದೂರವಿರುವ ಹಿಂದಿನ ಎಡ ಚಕ್ರದಿಂದ ಶುರುಮಾಡಿ: ನಂತರ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ನಿಪ್ಪಲ್ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಮತ್ತೆ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಸೀಲ್ ಒಡೆದಿಟ್ಟ ಹಳೇ ಡಬ್ಬಿಯ ಆಯಿಲ್ ಬೇಡ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯದು. ತೇವ ಹೀರಿದರೆ 140ರ ಆಸುಪಾಸಿಗೇ ಕುದಿಯಬಹುದು. ಇಳಿಜಾರಿನಲ್ಲಿ ಪೆಡಲ್ ಕೈಕೊಡುವುದು ಹೀಗೇ.

ರೇಡಿಯೇಟರ್ ಜಾಲರಿಯಲ್ಲಿ ಹುಲ್ಲು, ಮಣ್ಣು ಕೂತಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಜೋರು ಪ್ರೆಶರ್‌ಗೆ ತೆಳು ಹಾಳೆಗಳು ಮಡಚಿಕೊಳ್ಳುತ್ತವೆ. ಒಳಗೆ ಬೋರ್‌ವೆಲ್ ನೀರು ಹಾಕಿದರೆ ಪಾತ್ರೆಗೆ ಹಿಡಿಯುವ ಬಿಳಿ ಗಾರೆಯೇ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ. ಎಂಜಿನ್ ಬಿಸಿಯಾದ ಮೇಲೆ ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಕಿತ್ತೆಸೆಯಬೇಡಿ. ಬಿಸಿನೀರಿನಲ್ಲಿ ಮುಳುಗಿಸಿ, ಅದರ ಮೇಲೆ ಕೊರೆದಿರುವ ಡಿಗ್ರಿಯ ಹೊತ್ತಿಗೆ ಬಾಯಿ ತೆರೆಯುತ್ತದೋ ನೋಡಿ. ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಿಂದ ಹನಿ ಬೀಳುತ್ತಿದ್ದರೆ ಸೀಲ್ ಹೋಗಿದೆ.

ತಣ್ಣನೆ ಎಂಜಿನ್‌ಗೆ ಕೂಲೆಂಟ್ ತುಂಬಿ, ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ. ಮೊದಮೊದಲು ಗುಳ್ಳೆ ಬರುವುದು ಸಹಜ. ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬಿಚ್ಚಿ ನೋಡುವ ತನಕ ಗಾಡಿಗೆ ಲೋಡ್ ಹಾಕಬೇಡಿ.