ಸಹಿಯಲ್ಲಿ ಸಿಕ್ಕ ಹೆಸರು

ನನ್ನ ಗಂಡನ ಮನೆಯವರು ಶಿಕಾಗೋದವರು, ಪೋಲಿಷ್ ಮೂಲದವರು. ಅವರ ಮುತ್ತಜ್ಜ ಯಾವ ಹಳ್ಳಿಯಿಂದ ಬಂದರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರು ಗೊತ್ತಿಲ್ಲದೆ ಹುಟ್ಟು, ಮದುವೆ, ಸಾವು ಬರೆದಿಟ್ಟ ಪೋಲೆಂಡಿನ ಚರ್ಚ್ ಪುಸ್ತಕಗಳಿಗೆ ಕೈ ಹಾಕಿ ಪ್ರಯೋಜನವಿಲ್ಲ. ಹಾಗಾಗಿ ಅಮೆರಿಕದ ಕಾಗದಗಳಿಂದಲೇ ಹಿಂದಕ್ಕೆ ಹೋದೆ.

ಮೊದಲು ನೋಡಿದ್ದು 1920ರ ಜನಗಣತಿ. ವಲಸೆ ಬಂದ ವರ್ಷ, ಪೌರತ್ವ ಸಿಕ್ಕ ವರ್ಷ ಎರಡಕ್ಕೂ ಅದರಲ್ಲಿ ಕಾಲಂ ಇದೆ. 'ಎನ್ಎ' ಅಂದರೆ ಪೌರತ್ವ ಸಿಕ್ಕಿದೆ, 'ಪಿಎ' ಅಂದರೆ ಮೊದಲ ಕಾಗದ, ಅಂದರೆ ಪೌರನಾಗುವ ಇಚ್ಛೆಯ ಘೋಷಣೆ, ಮಾತ್ರ ಆಗಿದೆ. ಮುತ್ತಜ್ಜನ ಸಾಲಿನಲ್ಲಿ 'ಎನ್ಎ, 1919' ಅಂತಿತ್ತು. ಅದನ್ನು ಹಿಡಿದು ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಶಿಕಾಗೋ ಭಾಗದ ಪೌರತ್ವ ಕಾಗದಗಳ ಸೌಂಡೆಕ್ಸ್ ಸೂಚಿ ತೆರೆದೆ. ಅದರಲ್ಲಿ ಉಚ್ಚಾರಣೆ ಹೋಲುವ ಅಡ್ಡಹೆಸರುಗಳು ಒಟ್ಟಿಗೆ ಇರುತ್ತವೆ. ಪೋಲಿಷ್ ಹೆಸರಿಗೆ ಇದು ದೊಡ್ಡ ಉಪಕಾರ. ಮುತ್ತಜ್ಜಿಯ ಹೆಸರಲ್ಲಿ ಹುಡುಕಲು ಹೋಗಲಿಲ್ಲ. 1922ರವರೆಗೆ ಗಂಡನಿಗೆ ಪೌರತ್ವ ಸಿಕ್ಕರೆ ಹೆಂಡತಿಗೂ ತಾನಾಗಿ ಸಿಗುತ್ತಿತ್ತು.

1906ರ ಸೆಪ್ಟೆಂಬರ್ 27ಕ್ಕಿಂತ ಹಿಂದಿನ ಪೌರತ್ವದ ಕಾಗದಗಳಲ್ಲಿ ಊರಿನ ಹೆಸರು ಅಪರೂಪ. ಆಮೇಲಿನವುಗಳಲ್ಲಿ ವಿವರ ಜಾಸ್ತಿ. ಮುತ್ತಜ್ಜ 1914ರಲ್ಲಿ ಕೊಟ್ಟ ಮೊದಲ ಕಾಗದ ಅವರ ಪೌರತ್ವದ ಅರ್ಜಿಯ ಜೊತೆಗೇ ಇತ್ತು. ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಸ್‌ಗೆ ಇನ್ನು ತಾನು ನಿಷ್ಠನಲ್ಲ ಎಂದು ಅದರಲ್ಲಿತ್ತು. 1918ರವರೆಗೆ ಪೋಲೆಂಡ್ ಭೂಪಟದಲ್ಲೇ ಇರಲಿಲ್ಲ ಅಲ್ವಾ? ರಷ್ಯಾ, ಜರ್ಮನಿ, ಆಸ್ಟ್ರಿಯಾ ಹಂಚಿಕೊಂಡಿದ್ದವು. ಹುಟ್ಟಿದ ದೇಶ ಪೋಲೆಂಡ್ ಅಂತ ಹಾಕಿ ನಾನು ವಾರಗಟ್ಟಲೆ ಸುಮ್ನೆ ಹುಡುಕಿದ್ದೆ.

ಟೈಪ್ ಮಾಡಿದ ಹೆಸರು ಜಾರ್ಜ್. ಕೆಳಗಿನ ಸಹಿಯನ್ನು ದೊಡ್ಡದು ಮಾಡಿ ನೋಡಿದೆ. ಶಾಯಿ ಒಂದೆರಡು ಕಡೆ ಹರಡಿದೆ, ಆದರೂ ಒಂದೊಂದೇ ಅಕ್ಷರ ಬಿಡಿಸಿ ಓದಬಹುದು: ವೊಯ್ಚೆಖ್. ಹೆತ್ತವರು ಇಟ್ಟ ಹೆಸರು! ಹಡಗಿನ ಪಟ್ಟಿಗಳಲ್ಲಿ ಜಾರ್ಜ್ ಯಾಕೆ ಸಿಕ್ಕಿರಲಿಲ್ಲ ಅಂತ ಆಗ ತಿಳಿಯಿತು.

ವೊಯ್ಚೆಖ್ ಅಂತ ಹುಡುಕಿದೆ. 1909ರಲ್ಲಿ ಎಲ್ಲಿಸ್ ಐಲೆಂಡಿಗೆ (ನ್ಯೂಯಾರ್ಕ್‌ನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ದ್ವೀಪ) ಬಂದ ಹಡಗಿನ ಪಟ್ಟಿಯಲ್ಲಿ ಸಿಕ್ಕರು. ದೇಶ ರಷ್ಯಾ, ಜನಾಂಗ ಪೋಲಿಷ್. ಊರಲ್ಲಿ ಬಿಟ್ಟು ಬಂದ ಹತ್ತಿರದ ನೆಂಟರ ಕಾಲಂನಲ್ಲಿ ತಂದೆಯ ಹೆಸರು, ಪಕ್ಕದಲ್ಲಿ 'ದೊಂಬ್ರೊವಾ, ಲೊಮ್ಝಾ'. ನಕ್ಷೆಯಲ್ಲಿ ಆ ಕಾಗುಣಿತದ ಊರು ಕಾಣಲಿಲ್ಲ. ಪೋಲಿಷ್‌ನಲ್ಲಿ 'a' ಅಕ್ಷರಕ್ಕೆ ಕೆಳಗೆ ಪುಟ್ಟ ಬಾಲ ಬಂದರೆ ಮೂಗಿನ ಧ್ವನಿ. 'ಬ'ಕಾರದ ಮುಂದೆ ಅದು 'ಓಂ' ಥರ, 'ದ'ಕಾರದ ಮುಂದೆ 'ಓನ್' ಥರ ಕೇಳುತ್ತದೆ. ನಮ್ಮ ಸೊನ್ನೆಯೂ ಹಾಗೇ: ಕಂಬದಲ್ಲಿ ಮ್, ಕಂದನಲ್ಲಿ ನ್. ಬಾಲದ ಅಕ್ಷರ ಹಾಕಿ ಹುಡುಕಿದ ತಕ್ಷಣ ಊರು ಬಂತು. ಒಂದಲ್ಲ, ನಮ್ಮ ಹೊಸಹಳ್ಳಿಗಳ ಹಾಗೆ ಎಷ್ಟೋ. ಪ್ರಾಂತ್ಯವನ್ನು ಹೇಳುವ ಲೊಮ್ಝಾ ಎಂಬ ಆ ಒಂದು ಪದ ಇದ್ದದ್ದರಿಂದ ಬೆರಳೆಣಿಕೆಯಷ್ಟು ಉಳಿದವು.

ರಷ್ಯಾದ ಕೈಲಿದ್ದ ಆ ಭಾಗದ ಚರ್ಚ್ ಪುಸ್ತಕಗಳು 1868ರಿಂದ ರಷ್ಯನ್‌ನಲ್ಲಿವೆ. ಈಗ ರಾತ್ರಿ ಊಟ ಆದ ಮೇಲೆ ಆ ಲಿಪಿ ಕಲಿಯುತ್ತಿದ್ದೇನೆ. ವೊಯ್ಚೆಖ್ ಅಂತ ಎಲ್ಲಿ ಬರೆದಿದ್ದರೂ ಈಗ ನನ್ನ ಕಣ್ಣಿಗೆ ಬೀಳುತ್ತದೆ.