ಬ್ಲಾಕ್ ಆದ ಐಡಿ ವಾಪಸ್ ತಂದ ನನ್ನ ನೋಟ್‌ಬುಕ್

"ಆ್ಯಪ್ ಜೊತೆ ಜಗಳ ಆಡ್ತೀಯಾ? ಗೋಡೆ ಜೊತೆ ಆಡು, ಕೈಯಾದ್ರೂ ನೋಯುತ್ತೆ" ಅಂತ ನಗುತ್ತಿದ್ದರು ಜಯನಗರ 4ನೇ ಬ್ಲಾಕ್‌ನ ನಮ್ಮ ಟೀ ಅಂಗಡಿ ಗುಂಪಿನವರು. ಈಗ ಅವರಲ್ಲೇ ಐದು ಜನ ನನ್ನ ಪತ್ರದ ಜೆರಾಕ್ಸ್ ಇಟ್ಟುಕೊಂಡಿದ್ದಾರೆ.

ನಾನು ಆ್ಯಪ್‌ನಲ್ಲಿ ಊಟದ ಡೆಲಿವರಿ ಮಾಡುವವನು. 2025ರ ದೀಪಾವಳಿ ಆದ ವಾರ ನನ್ನ ಐಡಿ, ಅಂದರೆ ಕೆಲಸದ ಖಾತೆ, ಹೋಯಿತು. 'ಲೊಕೇಶನ್ ವಂಚನೆ, ಶಾಶ್ವತವಾಗಿ ಬಂದ್' ಅಂತ ಒಂದು ಸಾಲಿನ ಮೆಸೇಜ್. ಬರಬೇಕಿದ್ದ ದುಡ್ಡು ಆರು ಸಾವಿರ ಚಿಲ್ಲರೆ ಒಳಗೇ ಸಿಕ್ಕಿಕೊಂಡಿತು. ಗಾಡಿ ಕಂತು ಬೇರೆ. ಭಾವನ ಹತ್ತಿರ ಹತ್ತು ಸಾವಿರ ಸಾಲ ಮಾಡಿದೆ.

ಆ್ಯಪ್‌ನ ಚಾಟ್‌ನಲ್ಲಿ ಒಂಬತ್ತು ಸಲ ದೂರು ಹಾಕಿದೆ. ಒಂಬತ್ತೂ ಸಲ 'ನಿಮ್ಮ ಸಮಸ್ಯೆ ಬಗೆಹರಿದಿದೆ' ಅಂತ ಮುಚ್ಚಿದರು. ಟಿಎಲ್ (ಟೀಮ್ ಲೀಡರ್) ಫೋನ್ ಎತ್ತಲಿಲ್ಲ. ಆಮೇಲೆ ಕಂಪನಿಗೆ ನಾಲ್ಕು ಪುಟದ ಪತ್ರ ಬರೆದೆ. ಪೆಟ್ರೋಲ್ ರೇಟು, ರೇಟಿಂಗ್, ಮಳೆ, ಸೆಕ್ಯೂರಿಟಿಯವರ ಕಾಟ, ಎಲ್ಲಾ ತುಂಬಿದ್ದೆ. ಉತ್ತರವೇ ಇಲ್ಲ. ಅಷ್ಟು ಗೋಳು ಯಾರು ಓದ್ತಾರೆ, ಅಲ್ವಾ?

ಎರಡನೇ ಪತ್ರ ಒಂದೇ ಪುಟ. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ (ನನ್ನ ಹಾಗೆ ಆ್ಯಪ್ ಮೂಲಕ ದುಡಿಯುವವರ) ಕಾಯ್ದೆ ಪ್ರಕಾರ ತೆಗೆದುಹಾಕುವ ಮೊದಲು ಸರಿಯಾದ ಕಾರಣ ಬರೆದುಕೊಡಬೇಕು, 14 ದಿನದ ನೋಟಿಸ್ ಕೊಡಬೇಕು. ಹಾಗಾಗಿ ಕೇಳಿದ್ದು ಮೂರೇ: ಯಾವ ಆರ್ಡರ್, ಯಾವ ಹೊತ್ತು, ನೋಟಿಸ್ ಎಲ್ಲಿ? ಜೊತೆಗೆ ಆ ವಾರದ ನನ್ನ ನೋಟ್‌ಬುಕ್ ಪುಟಗಳು. ಪಿಕಪ್ ಹೊತ್ತು, ಡ್ರಾಪ್ ಹೊತ್ತು, ಮೀಟರ್ ಓದು, ಎಲ್ಲಾ ಕೈಯಲ್ಲಿ ಬರೆದಿದ್ದು. ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ನನ್ನ ಹಳೇ ಫೋನ್ ಮಳೆಗೆ ಸತ್ತು ಮೂರು ತಿಂಗಳ ಲೆಕ್ಕ ಕೊಚ್ಚಿಹೋಗಿತ್ತು. ಪುಟದ ತಾರೀಖು ಆಮೇಲೆ ಬರೆದಿದ್ದಲ್ಲ ಅಂತ ತೋರಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಟೀ ಕುಡಿಸಿದರೆ ನೋಡೋಣ.

ರಿಜಿಸ್ಟರ್ ಪೋಸ್ಟ್ ಮಾಡೋಣ ಅಂತ ಹೋದರೆ ಅದು ಅಷ್ಟರಲ್ಲಾಗಲೇ ಸ್ಪೀಡ್ ಪೋಸ್ಟ್‌ಗೆ ಸೇರಿಹೋಗಿತ್ತು. ಸರಿ, ಅದರಲ್ಲೇ ಕಳಿಸಿದೆ, ಈಮೇಲೂ ಹಾಕಿದೆ. ಆರನೇ ದಿನ ಫೋನ್ ಬಂತು. ಮೊದಲ ಸಲ ಮನುಷ್ಯರ ದನಿ! ಫ್ಲೈಓವರ್ ಕೆಳಗೆ ಜಿಪಿಎಸ್ ತಪ್ಪು ಜಾಗಕ್ಕೆ ಹಾರಿದ್ದನ್ನು ಸಿಸ್ಟಂ ಮೋಸ ಅಂದುಕೊಂಡಿತ್ತಂತೆ. ಮಾರನೇ ದಿನ ಐಡಿ ತೆರೆಯಿತು, ಸಿಕ್ಕಿಕೊಂಡಿದ್ದ ದುಡ್ಡು ಬಂತು. ಸುಮ್ನೆ ಕೂತ ಹದಿನೇಳು ದಿನಕ್ಕೆ ಮಾತ್ರ ಬಿಡಿಗಾಸಿಲ್ಲ. ಪೆಟ್ರೋಲ್ ಕಳೆದು ದಿನಕ್ಕೆ 650 ಅಂದರೂ ಹನ್ನೊಂದು ಸಾವಿರ.

ನೋಟ್‌ಬುಕ್ ಇಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಆರ್ಡರ್ ಬೇಡ ಅಂದರೆ ಆ್ಯಪ್ ಆಮೇಲೆ ಆರ್ಡರ್ ಕೊಡೋದು ನಿಲ್ಲಿಸುತ್ತಾ ಅಂತ ನೋಡೋಕೆ ಗೆಳೆಯನೂ ನಾನೂ ಒಂದೇ ಹೋಟೆಲ್ ಮುಂದೆ ನಿಂತೆವು. ನಾನು ಮೂರು ಆರ್ಡರ್ ಬಿಟ್ಟೆ, ಅವನು ಎಲ್ಲಾ ಹಿಡಿದ. ಆಮೇಲೆ ಮುಕ್ಕಾಲು ಗಂಟೆ ನನಗೆ ಒಂದೂ ಬರಲಿಲ್ಲ, ಅವನಿಗೆ ನಾಲ್ಕು. ನಾಲ್ಕು ಸಂಜೆ ಹೀಗೇ ಮಾಡಿದೆವು, ಮೂರು ಸಲ ಅದೇ ಕಥೆ. ನಾಲ್ಕನೇ ಸಂಜೆ ಜೋರು ಮಳೆ, ಅದನ್ನು ಲೆಕ್ಕಕ್ಕೆ ಹಿಡಿಯಲ್ಲ.

ಈಗ ಎರಡನೇ ನೋಟ್‌ಬುಕ್ ನಡೀತಿದೆ. ಆ್ಯಪ್ ನಾಲ್ಕು ಕಿಲೋಮೀಟರ್ ಅಂದ ಕಡೆ ನನ್ನ ಗಾಡಿ ಮೀಟರ್ ಐದೂವರೆ ಅನ್ನುತ್ತೆ. ಇನ್ನೂರು ಟ್ರಿಪ್ ಆಗಲಿ ಅಂತ ಕಾಯ್ತಿದ್ದೇನೆ. ನಿನ್ನೆಗೆ 140 ಆಯಿತು.